ಎಡಹುರಿ

“ಎಡಕ್ಕೆ ವಾಲಿಸಪ್ಪಾ, ಇನ್ನೂ ಎಡಕ್ಕೆ!” ಎಂದು ಗಂಡ ಹೇಳುತ್ತಲೇ ಇದ್ದ, ಬಡಗಿ ಮಾತ್ರ ರಾಟೆಯನ್ನು ಬಲಕ್ಕೇ ವಾಲಿಸುತ್ತಿದ್ದ. ಚಕ್ರದ ಅಂಚು ಬಾಗಿಲ ಚೌಕಟ್ಟಿಗೆ ಒಮ್ಮೆ ಬಡಿಯಿತು. ಎರಡನೆಯ ಸಲ ಬಡಿಯುವಷ್ಟರಲ್ಲಿ ಸೊಸೆ ಒಳಗಿನಿಂದ ಓಡಿಬಂದು, ಅಂಗೈಗಳೆರಡನ್ನೂ ಬಟ್ಟಲು ಮಾಡಿ ಕದಿರನ್ನು ಮುಚ್ಚಿಕೊಂಡಳು.

“ಕದಿರಿನ ಮೇಲೆ ನೂಲಿದೆ. ಮೆತ್ತಗೆ ಹಿಡೀರಿ.”

“ನೂಲೋ ಕೈಯೇ ಹೋಯ್ತಲ್ಲಮ್ಮ, ಇನ್ನು ನೂಲಿದ್ದರೆಷ್ಟು ಬಿಟ್ಟರೆಷ್ಟು,” ಎಂದ ಬಡಗಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡು ಗೆಳೆಯನ ಮುಖ ನೋಡಿದ. ಆ ಗೆಳೆಯನೇ ಸತ್ತವಳ ಮಗ, ಸೊಸೆಯ ಗಂಡ. ಗಾರೆ ಕೆಲಸದವನಾದ ಅವನಿಗೆ ಮಾತಿಗಿಂತ ಅಳತೆ ಹೆಚ್ಚು ಒಗ್ಗಿತ್ತು. ಬಾಗಿಲನ್ನೊಮ್ಮೆ ಚಕ್ರವನ್ನೊಮ್ಮೆ ಕಣ್ಣಲ್ಲೇ ಅಳೆದು, ಹಿಂದಿನ ಕಾಲುಗಳನ್ನು ತಾನೇ ಎತ್ತಿ ಹಿಡಿದ. ನಿದ್ದೆಯಲ್ಲಿ ಮಗ್ಗುಲು ಬದಲಿಸುವ ಮಗುವಿನಂತೆ ರಾಟೆ ಹೊರಳಿ ಹೊಸಿಲು ದಾಟಿತು. ಅದನ್ನು ಜಗುಲಿಯ ಮೇಲೆ ಗೋಡೆಗೆ ಒತ್ತಿ ನಿಲ್ಲಿಸಿದರು. ನಲವತ್ತೆಂಟು ವರ್ಷ ಅದು ಬಾಗಿಲಿಗೆದುರಾಗಿ ಅಲುಗದೆ ನಿಂತಿದ್ದ ಕಡೆ ನೆಲ ಸುತ್ತಲಿಗಿಂತ ತಿಳಿಯಾಗಿತ್ತು. ಅದೇ ಜಾಗದಲ್ಲಿ ಈಗ ಅತ್ತೆಯ ಶವಪೆಟ್ಟಿಗೆ ಇಡಬೇಕಿತ್ತು.

ಅತ್ತೆ ಹಿಂದಿನ ದಿನ ಮಧ್ಯಾಹ್ನ, ಊಟವಾದ ಮೇಲಿನ ಸಣ್ಣ ನಿದ್ದೆಯಲ್ಲಿ ಹೋಗಿಬಿಟ್ಟಿದ್ದಳು. ಸುದ್ದಿ ಹೇಳಲು ಯಾರೂ ಮನೆಮನೆಗೆ ಓಡಬೇಕಾಗಲಿಲ್ಲ. ಆ ಓಣಿಯಲ್ಲಿ ಹದಿನಾಲ್ಕು ಮನೆ, ಹದಿನಾಲ್ಕು ರಾಟೆ. ಉಣ್ಣೆ ನೂಲುವ ಹೆಂಗಸರ ಓಣಿ ಅದು. ಹೊತ್ತು ಮೂಡಿದಾಗಿನಿಂದ ಹೊತ್ತು ಇಳಿಯುವವರೆಗೆ ಅಲ್ಲಿ ನಡೆದವರಿಗೆ ಜೇನುಗೂಡಿನೊಳಗೆ ನಡೆದಂತೆ ಅನ್ನಿಸುತ್ತಿತ್ತು. ಸೊಸೆ ಬಾಗಿಲಿಗೆ ಬಂದು ನಿಂತ ರೀತಿ ಕಂಡು ಎದುರುಮನೆಯ ರಾಟೆ ನಿಂತಿತು. ಅದು ನಿಂತದ್ದು ಕೇಳಿ ಪಕ್ಕದ್ದು ನಿಂತಿತು. ಹೀಗೆ ಒಂದೊಂದಾಗಿ ಓಣಿಯ ಕೊನೆಯವರೆಗೂ ಸದ್ದು ಆರಿತು.

ಬೆಳಗ್ಗೆ ಮೊದಲು ಬಂದವಳು ಮೂಲೆಮನೆ ದೊಡ್ಡಮ್ಮ. ಎಂಬತ್ತು ದಾಟಿದ ಜೀವ. ಸತ್ತವಳ ಅರವತ್ತು ವರ್ಷದ ಗೆಳತಿ. ಊರುಗೋಲನ್ನು ಗೋಡೆಗೆ ಒರಗಿಸಿ, ಗೆಳತಿಯ ಮುಖದ ಮೇಲೆ ಬಾಗಿದಳು.

“ಅಂತೂ ಬಾಯಿ ಮುಚ್ಚಿದೆಯಲ್ಲೇ ಎಡಚಮ್ಮಾ,” ಎಂದಳು. “ಅರವತ್ತು ವರ್ಷದಿಂದ ಬಡ್ಕೋತಿದ್ದೆ, ಸ್ವಲ್ಪ ಬಾಯಿ ಮುಚ್ಚೇ ಅಂತ. ಕೇಳೋಕೆ ಇವತ್ತೇ ಬೇಕಾಗಿತ್ತಾ?” ಹಾಗೆಂದು ಅಂಗೈಯಿಂದ ತನ್ನ ಕಣ್ಣು ಒರೆಸಿಕೊಂಡಳು, ಅದೇ ಒದ್ದೆ ಕೈಯಿಂದ ಗೆಳತಿಯ ಹಣೆಯ ಕೂದಲು ಸರಿಮಾಡಿದಳು.

“ಒಂದು ದಿನ ಹಾಸಿಗೆ ಹಿಡೀಲಿಲ್ಲ. ಪುಣ್ಯವಂತೆ,” ಎಂದಳು ಅವಳ ಹಿಂದೆಯೇ ಬಂದ ಎದುರುಮನೆಯ ಗುಬ್ಬಿ. ಸದಾ ಚಿಲಿಪಿಲಿಗುಟ್ಟುವ ಸಣಕಲು ಹೆಂಗಸಾದ್ದರಿಂದ ಓಣಿ ಅವಳಿಗೆ ಇಟ್ಟ ಹೆಸರು ಅದು.

ಬಡಗಿ ಪೆಟ್ಟಿಗೆಯ ಅಂಚಿಗೆ ಉಜ್ಜುಕಾಗದ ತಿಕ್ಕುತ್ತ ಹೇಳಿದ: “ಕೊನೇ ದಿನದವರೆಗೂ ನೂತರು ನೋಡಿ. ಎಂಬತ್ತೊಂದು ವರ್ಷ! ದಿನಾ ಸಂಜೆ ಕೆಲಸದಿಂದ ಬರುವಾಗ ನೋಡ್ತಿದ್ದೆ, ಬಾಗಿಲಲ್ಲಿ ಕೂತು ತಿರುಗಿಸ್ತಾನೇ ಇರೋರು. ಈಗಿನವರಿಂದ ಆಗುತ್ತಾ?”

“ಈ ಮನೇಲಿ ರಾಟೆ ನಿಂತದ್ದಿಲ್ಲ. ಅದು ನಿಜ,” ಎಂದಳು ದೊಡ್ಡಮ್ಮ. ಗುಬ್ಬಿ ಯಾಕೋ ಕಿಟಕಿಯ ಕಡೆಗೆ ತಿರುಗಿಕೊಂಡಳು.

ಪೆಟ್ಟಿಗೆಯೊಳಗೆ ಇಳಿಸುವಾಗ ತಲೆದಿಂಬಿನ ಮಾತು ಬಂತು. ದೊಡ್ಡಮ್ಮ ತನ್ನ ಮನೆಯಿಂದ ಹೊಸದೊಂದನ್ನು ತಂದಿದ್ದಳು. ಸೊಸೆ ಒಪ್ಪಲಿಲ್ಲ; ಅತ್ತೆಯ ಹಾಸಿಗೆಯ ಮೇಲಿದ್ದ ಹಳೆಯದನ್ನೇ ತಂದಳು.

“ಇದು ಗಂಟುಗಂಟಿದೆಯಲ್ಲೇ ಹುಡುಗಿ!”

“ಇರಲಿ ದೊಡ್ಡಮ್ಮ. ಅವರಿಗೆ ಇದೇ ಅಭ್ಯಾಸ.”

ಆ ಬೆಳಗ್ಗೆ ಬಂದ ಗಂಡಸರೆಲ್ಲ ಬಡಗಿಯ ಮಾತನ್ನೇ ಆಡಿದರು: ‘ಕೊನೇ ದಿನದವರೆಗೂ ನೂತರು.’ ಪ್ರತಿಸಲವೂ ಸೊಸೆ ತಲೆ ತಗ್ಗಿಸಿ, ನೆಲದ ಮೇಲೆ ಇಲ್ಲದ ಕಸವನ್ನು ಹೆಕ್ಕಿದಳು. ಅತ್ತೆ ನೂಲುವುದು ಬಿಟ್ಟು ಎರಡು ವರ್ಷ ಒಂದು ತಿಂಗಳಾಗಿತ್ತು. ಅದು ಗೊತ್ತಿದ್ದವರು ಲೋಕದಲ್ಲಿ ಮೂವರೆಂದು ಸೊಸೆ ನಂಬಿದ್ದಳು. ತಾನು, ತನ್ನ ಗಂಡ. ಮೂರನೆಯವಳು ಈಗ ಪೆಟ್ಟಿಗೆಯೊಳಗೆ ಮಲಗಿದ್ದಳು.

*

ಇಪ್ಪತ್ತೆಂಟು ವರ್ಷದ ಕೆಳಗೆ ಈ ಮನೆಗೆ ಸೊಸೆಯಾಗಿ ಬಂದ ದಿನ ಅವಳ ಕಣ್ಣಿಗೆ ಮೊದಲು ಬಿದ್ದದ್ದು ತಿರುಗುಮುರುಗಾಗಿ ನಿಂತ ರಾಟೆ. ಲೋಕದ ರಾಟೆಗಳ ಚಕ್ರವೆಲ್ಲ ನೂಲುವವಳ ಬಲಗಡೆಗಿದ್ದರೆ ಇಲ್ಲಿಯದು ಎಡಗಡೆಗಿತ್ತು.

“ಚಿಕ್ಕವಳಿದ್ದಾಗ ನಮ್ಮಮ್ಮ ನನ್ನ ಎಡಗೈನ ಬೆನ್ನಿಗೆ ಕಟ್ಟಿ ಕೂರಿಸ್ತಿದ್ದಳು,” ಎಂದು ಅತ್ತೆ ಮೊದಲ ವಾರದಲ್ಲೇ ಹೇಳಿದ್ದಳು. “ಬಲಗೈಲಿ ತಿರುಗಿಸಿದರೆ ನೂಲು ಮಂಡರಗಪ್ಪೆ ನುಂಗಿದ ಹಾವಿನ ಹಾಗೆ. ಅಮ್ಮ ಆಚೆ ಹೋಗ್ತಿದ್ದ ಹಾಗೆ ಕಟ್ಟು ಬಿಚ್ಚೋದು, ಎಡಗೈಲಿ ನೂಲೋದು. ನೀರು ಸುರಿದ ಹಾಗೆ ಬರ್ತಿತ್ತು ಕಣೇ.”

ಆದರೆ ಎಡಕ್ಕೆ ತಿರುಗುವ ಚಕ್ರದ ನೂಲು ಎಡಕ್ಕೇ ಹುರಿಗೊಳ್ಳುತ್ತದೆ. ಓಣಿಯ ಬಲಹುರಿಯ ಎಳೆಗೆ ಅದನ್ನು ಜೋಡಿಸಿ ಹೊಸೆದರೆ ಒಂದು ಇನ್ನೊಂದರ ಹುರಿ ಬಿಚ್ಚಿಬಿಡುತ್ತದೆ. ಮಗ್ಗದ ಮನೆಯ ಹಳೆಯ ಯಜಮಾನ ಅವಳ ಮೊದಲ ನೂಲಿನ ಲಡಿಯನ್ನು ನೋಡಿ, “ಇದು ನೂಲಲ್ಲ, ಹಠ,” ಎಂದು ಹಿಂದಕ್ಕೆ ಎಸೆದಿದ್ದ. ಅದನ್ನು ಹೆಕ್ಕಿಕೊಂಡವನು ಅವನ ಮಗ. ಉದ್ದದ ಹಾಸಿನ ಎಳೆಗೆ ಓಣಿಯ ಬಲಹುರಿ, ಅಡ್ಡದ ಹೊಕ್ಕಿನ ಎಳೆಗೆ ಇವಳ ಎಡಹುರಿ ಹಾಕಿ, ಅಪ್ಪನಿಗೆ ಕಾಣದಂತೆ ಒಂದು ಮೊಳ ಬಟ್ಟೆ ನೇಯ್ದ. ಬಿಸಿನೀರಿನಲ್ಲಿ ತುಳಿದಾಗ ಆ ಬಟ್ಟೆ ಒಂದಕ್ಕೊಂದು ಬೆರಳು ಹೆಣೆದುಕೊಂಡ ಹಾಗೆ ಬಿಗಿದುಕೊಂಡಿತು. ಗಾಳಿ ನುಗ್ಗಲಿಲ್ಲ, ನೀರು ಇಳಿಯಲಿಲ್ಲ. ಅಂದಿನಿಂದ ಚಳಿಯ ಕೋಟಿನ ಬಟ್ಟೆಗೆ ಎಡಚಮ್ಮನ ನೂಲೇ ಬೇಕು. ಮಗ್ಗದ ಮನೆಯಲ್ಲಿ ಅವಳ ಲಡಿಗಳಿಗೆ ಪ್ರತ್ಯೇಕ ಗೂಡು. ಬೈಗುಳವಾಗಿದ್ದ ಹೆಸರು ಬಿರುದಾಯಿತು.

ಸೊಸೆ ಬಲಗೈಯವಳು. ಆಳೆತ್ತರದವಳು, ಅವಸರದವಳು. ಬಂದ ಹೊಸತರಲ್ಲಿ ಆಸೆಪಟ್ಟು, ತವರಿನಿಂದ ತಂದ ರಾಟೆಯಲ್ಲಿ ಎರಡು ಲಡಿ ನೂತು ಕಳಿಸಿದಳು. ಎರಡೂ ಹಿಂದಕ್ಕೆ ಬಂದವು. ಜೊತೆಗೊಂದು ಚೀಟಿ: ‘ಹಗ್ಗಕ್ಕೆ ಆದೀತು.’

ಓಣಿ ನಕ್ಕಿತು. ಕೆಟ್ಟ ನಗೆಯಲ್ಲ, ಮರುದಿನಕ್ಕೆ ಮರೆಯುವಂಥದು. ಇವಳು ಮರೆಯಲಿಲ್ಲ. ರಾಟೆಯನ್ನು ತವರಿಗೆ ಕಳಿಸಿಬಿಟ್ಟು, ಉಣ್ಣೆ ಹಿಂಜುವ ಹಲ್ಲಿನ ಹಲಗೆಗಳನ್ನು ಕೈಗೆತ್ತಿಕೊಂಡಳು. ಇಪ್ಪತ್ತಾರು ವರ್ಷ ಹಿಂಜಿದಳು. ಓಣಿಯ ಬಾಯಲ್ಲಿ ‘ಹಿಂಜೋಳು’ ಎಂದೇ ಆದಳು. ಎಡಚಮ್ಮನ ನೂಲನ್ನು ಹೊಗಳದವರಿರಲಿಲ್ಲ. ಆ ನೂಲಿಗೆ ಮೊದಲು, ಉಸಿರು ಬಿಟ್ಟರೆ ಹಾರುವಷ್ಟು ಹಗುರವಾಗಿ ಎಡಚಮ್ಮನ ತೊಡೆಯ ಪಕ್ಕ ಬಂದು ಬೀಳುತ್ತಿದ್ದ ಹಿಂಜಿದ ಉಣ್ಣೆಯ ಹಂಜಿಗಳು ಯಾರ ಕೈಯವು ಎಂದು ಕೇಳಿದವರಿಲ್ಲ.

*

ಹತ್ತು ಗಂಟೆಯ ಹೊತ್ತಿಗೆ ಉಣ್ಣೆಗಾಡಿ ಬಂತು. ಶನಿವಾರ ಅದರ ದಿನ. ಮನೆಮನೆಗೆ ಉಣ್ಣೆ ಇಳಿಸಿ ನೂಲು ಹೊತ್ತುಕೊಂಡು ಹೋಗುವ ದಿನ. ಗಾಡಿಯಣ್ಣನ ಪಕ್ಕದಿಂದ ಇಳಿದವನು ಮಗ್ಗದ ಮನೆಯ ನೇಕಾರಜ್ಜ. ಅಂದು ಅಪ್ಪನಿಗೆ ಕಾಣದಂತೆ ಒಂದು ಮೊಳ ನೇಯ್ದಿದ್ದ ಆ ಹುಡುಗನ ಬೆನ್ನು ಈಗ ಬಾಗಿತ್ತು. ಪೆಟ್ಟಿಗೆಯ ಮುಂದೆ ಟೋಪಿ ತೆಗೆದು ಬಹಳ ಹೊತ್ತು ನಿಂತ.

“ನನ್ನ ಅರ್ಧ ಮಗ್ಗ ಹೋಯ್ತು,” ಎಂದ. ಆಮೇಲೆ ಸೊಸೆಯ ಕಡೆಗೆ ತಿರುಗಿ, ಸಮಾಧಾನ ಹೇಳುವವನಂತೆ ಮುಂದುವರಿಸಿದ: “ಹೋದ ವಾರದ ಲಡಿ ನೋಡಿದ್ದೀಯೇನಮ್ಮ? ಇಪ್ಪತ್ತು ವರ್ಷದ ಹಿಂದಿನದಕ್ಕಿಂತ ಸಣ್ಣ, ಒಂದೇ ಸಮ. ವಯಸ್ಸಾದಷ್ಟೂ ಬೇರೆಯವರ ಕೈ ನಡುಗ್ತದೆ, ನಿಮ್ಮತ್ತೆ ಕೈ ಮಾಗ್ತಾ ಹೋಯ್ತು. ಪೇಟೇಲಿ ಎಲ್ಲರಿಗೂ ತೋರಿಸಿ ಹೇಳ್ಕೊಂಡು ಬಂದೆ, ಎಂಬತ್ತೊಂದರ ಮುದುಕಿ ನೂಲು ನೋಡ್ರೋ ಅಂತ.”

“ಹೌದಜ್ಜ,” ಎಂದಳು ಸೊಸೆ.

ಗಾಡಿಯಣ್ಣ ಅವಳನ್ನೂ ಅವಳ ಗಂಡನನ್ನೂ ಜಗುಲಿಗೆ ಕರೆದ. ಒಳ್ಳೆಯ ಮನುಷ್ಯ, ಕೆಟ್ಟ ಮಾತು ಆಡಬೇಕಾದಾಗ ಕಿವಿ ಕೆರೆದುಕೊಳ್ಳುವ ಅಭ್ಯಾಸ.

“ತಪ್ಪು ತಿಳ್ಕೋಬೇಡಿ. ಇವತ್ತು ಕೇಳೋ ಮಾತಲ್ಲ ಇದು. ಆದ್ರೆ ನಾನು ಮತ್ತೆ ಬರೋದು ಮುಂದಿನ ಶನಿವಾರ. ರಾಟೆ ಮಗ್ಗದ ಮನೇದು, ನಿಮಗೆ ಗೊತ್ತೇ ಇದೆ. ನೂಲೋರಿಲ್ಲದ ಮನೇಲಿ ಅದನ್ನ ಬಿಡೋ ಹಾಗಿಲ್ಲ. ಹೊಳೆಯಾಚೆ ಒಬ್ಬಳು ರಾಟೆಗೆ ಕಾಯ್ತಾ ಕೂತಿದ್ದಾಳೆ. ಮಣ್ಣು ಮಾಡಿ ಬಂದ ಮೇಲೆ ರಾಟೆ, ಒಳಗಿರೋ ಉಣ್ಣೆ ಚೀಲ, ಎರಡನ್ನೂ ಗಾಡಿಗೆ ಹಾಕ್ಕೋತೀನಿ. ಆಗಬಹುದಾ?”

ಗಂಡ ಅವಳ ಮುಖ ನೋಡಿದ. ಹೇಳುವುದಾದರೆ ನೀನೇ ಹೇಳಬೇಕು ಎನ್ನುವ ನೋಟ. ಅವಳು ಬಾಯಿ ತೆರೆದಳು. ಅಷ್ಟರಲ್ಲಿ ಒಳಗೆ ಯಾರೋ ಹೊಸದಾಗಿ ಬಂದವರಿಗೆ ನೇಕಾರಜ್ಜ ಹೇಳುತ್ತಿದ್ದದ್ದು ಕೇಳಿಸಿತು: “ಕೊನೇ ದಿನದವರೆಗೂ!” ಆ ದನಿಯಲ್ಲಿ ಎಷ್ಟು ಹೆಮ್ಮೆ ಇತ್ತೆಂದರೆ, ಅದನ್ನು ಕಿತ್ತುಕೊಳ್ಳುವುದು ಪೆಟ್ಟಿಗೆಯೊಳಗಿನವಳ ಮೈಮೇಲಿನ ಹೊದಿಕೆಯನ್ನೇ ಎಳೆದಂತೆ ಅನ್ನಿಸಿತು. ತಾನು ನೂಲುವುದೇ ನಿಂತುಹೋಗುತ್ತದೆ. ಹೋಗಲಿ. ಹಿಂಜುವ ಹಲಗೆ ಮೊಳೆಯಲ್ಲಿ ನೇತಾಡುತ್ತಲೇ ಇದೆ.

“ತೊಗೊಂಡು ಹೋಗಿ,” ಎಂದಳು.

ಮಾತು ಹೊರಬಿದ್ದ ಮೇಲೆ ಅವಳ ಎಡಗೈ ತಾನಾಗಿ ಮುಷ್ಟಿ ಹಿಡಿಯಿತು.

*

ಎರಡು ವರ್ಷದ ಹಿಂದಿನ ಒಂದು ಬೆಳಗ್ಗೆ ಅತ್ತೆಯ ಎಡಗೈಯಿಂದ ಲೋಟ ಜಾರಿ ಬಿತ್ತು. ಮತ್ತೆ ಆ ಕೈ ಯಾವುದನ್ನೂ ಹಿಡಿಯಲಿಲ್ಲ. ನಡಿಗೆ, ಮಾತು ಎಲ್ಲ ಮೊದಲಿನಂತೆಯೇ. ಆ ಕೈಯೊಂದು ಮಾತ್ರ ಒದ್ದೆ ಬಟ್ಟೆಯ ಹಾಗೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ಹತ್ತು ದಿನ ಅತ್ತೆ ನಿಂತ ರಾಟೆಯನ್ನು ನೋಡುತ್ತ ಕುಳಿತಳು. ಹನ್ನೊಂದನೆಯ ದಿನ, “ಬಾಗಿಲು ಹಾಕಿ ಬಾರೇ,” ಎಂದಳು. “ಕೂತ್ಕೋ.”

“ನಾನಾ? ನನ್ನದು ಹಗ್ಗದ ಕೈ ಅತ್ತೆ.”

“ಅದು ನಿನ್ನ ಬಲಗೈ. ಎಡಗೈನ ಯಾವತ್ತಾದ್ರೂ ಕೇಳಿದ್ದೀಯಾ?”

ಅತ್ತೆ ಹಿಂದೆ ಕುಳಿತು, ಒಳ್ಳೆಯ ಬಲಗೈಯನ್ನು ಸೊಸೆಯ ಬೆನ್ನಿಗೆ ಒತ್ತಿ ಹಿಡಿದು ಹೇಳಿಕೊಟ್ಟಳು. ಬೆನ್ನು ಬಿಗಿದರೆ ಚುಚ್ಚುತ್ತಿದ್ದಳು, ಸಡಿಲಿದರೆ ತಟ್ಟುತ್ತಿದ್ದಳು. ಎಡಗೈಗೆ ಯಾವ ಹಳೆಯ ಚಾಳಿಯೂ ಇರಲಿಲ್ಲ, ಅವಸರವೂ ಇರಲಿಲ್ಲ; ತಪ್ಪುಗಳನ್ನು ಮಾತ್ರ ಧಾರಾಳವಾಗಿ ಮಾಡಿತು. ಎರಡು ತಿಂಗಳಲ್ಲಿ ಕೆಟ್ಟ ನೂಲು ಒಂದು ಚೀಲ ತುಂಬಿತು. ಅದನ್ನು ಒಲೆಗೆ ಹಾಕಲು ಹೊರಟಾಗ ಅತ್ತೆ ತಡೆದು ತಲೆದಿಂಬಿಗೆ ತುಂಬಿಸಿದಳು. ಮರುದಿನ ಬೆಳಗ್ಗೆ ಎದ್ದು, “ನಿನ್ನ ತಪ್ಪುಗಳ ಮೇಲೆ ತಲೆಯಿಟ್ಟರೆ ಎಂಥಾ ನಿದ್ದೆ ಬರ್ತದೇ!” ಎಂದು ಬೊಚ್ಚುಬಾಯಿ ಬಿಟ್ಟು ನಕ್ಕಳು.

ಮೂರನೆಯ ತಿಂಗಳು ಒಂದು ಲಡಿ ಗಾಡಿ ಹತ್ತಿತು. ಮುಂದಿನ ಶನಿವಾರ ಗಾಡಿಯಣ್ಣ ಬಂದಾಗ ಸೊಸೆ ಅವನ ಕೈಯಲ್ಲಿ ಚೀಟಿಗಾಗಿ ಹುಡುಕಿದಳು. ಚೀಟಿಯೇನೂ ಇರಲಿಲ್ಲ. “ಎಡಚಮ್ಮ ಹುಷಾರಾದ್ರಾ? ನೂಲು ಮಾತ್ರ ಭೇಷಾಗಿದೆಯಂತೆ, ಅಜ್ಜ ಹೇಳ್ತಿದ್ರು,” ಎಂದ. “ಹುಷಾರಾಗಿದ್ದಾರೆ,” ಎಂದುಬಿಟ್ಟಳು. ಆ ಒಂದು ಮಾತಿನಿಂದ ಮುಂದಿನದೆಲ್ಲ ಶುರುವಾಯಿತು.

ಅಂದು ಸಂಜೆ ಅವಳೇ ಅತ್ತೆಯನ್ನು ತೆರೆದ ಬಾಗಿಲಿನಲ್ಲಿ, ರಾಟೆಯ ಮುಂದೆ ಕೂರಿಸಿದಳು. ತಾನು ನೂತದ್ದು ಕೆಡದಂತೆ ಚಕ್ರದಿಂದ ಕದಿರಿಗೆ ಹೋಗುವ ದಾರವನ್ನು ಕಳಚಿದಳು. ಜೀವವಿಲ್ಲದ ಕೈ ಕಾಣದಂತೆ ಶಾಲು ಹೊದಿಸಿದಳು.

“ಬಲಗೈಲಿ ಸುಮ್ನೆ ತಿರುಗಿಸ್ತಾ ಇರಿ ಅತ್ತೆ. ಓಣಿಯವರು ನೋಡಲಿ.”

“ಯಾಕೇ?”

“ನಿಮ್ಮ ಹೆಸರು ಹಾಗೇ ಇರಲಿ ಅಂತ.”

“ನನ್ನ ಹೆಸರಿಗೇನು ಕಾಲಿದೆಯೇನೇ ಓಡಿಹೋಗೋಕೆ?” ಎಂದಳು ಅತ್ತೆ. ಆದರೂ ಸೊಸೆಯ ಮುಖವನ್ನು ಬಹಳ ಹೊತ್ತು ನೋಡಿ, ಚಕ್ರಕ್ಕೆ ಕೈ ಹಚ್ಚಿದಳು. ಬೆಳಗ್ಗೆ ಬಾಗಿಲು ಮುಚ್ಚಿ ಸೊಸೆ ನೂಲುವುದು, ಸಂಜೆ ಬಾಗಿಲು ತೆರೆದು ಅತ್ತೆ ಚಕ್ರ ತಿರುಗಿಸುವುದು. ಸುಮಾರು ಎರಡು ವರ್ಷ ಹೀಗೆ ನಡೆಯಿತು. ಒಳಗೆ ಹಂಜಿ ಸುತ್ತುತ್ತ ಆ ಬೆನ್ನನ್ನು ನೋಡುವಾಗ, ಮುದುಕಿಗೆ ಇದೊಂದು ಸಂತೋಷವನ್ನಾದರೂ ಕೊಟ್ಟೆನಲ್ಲ ಎಂದು ಸೊಸೆಗೆ ಸಮಾಧಾನವಾಗುತ್ತಿತ್ತು.

*

ಹೊರಡುವ ಹೊತ್ತಾಯಿತು. ಪೆಟ್ಟಿಗೆ ಹೊರಲು ಆರು ಜನ ಗಂಡಸರು ಅಂಗಳದಲ್ಲಿ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದರು. ಗಾಡಿಯಣ್ಣ ರಾಟೆಯನ್ನು ಹೇಗೆ ಎತ್ತುವುದೆಂದು ಅಂದಾಜು ಮಾಡಲು ಅದರ ಹಲಗೆಗೆ ಕೈಯಿಟ್ಟ.

“ಏಯ್! ತೆಗಿ ಕೈ,” ಎಂದು ದೊಡ್ಡಮ್ಮ ಊರುಗೋಲು ಕುಟ್ಟಿದಳು. “ಕದಿರು ಇನ್ನೂ ಅರ್ಧ ಇದೆ. ನೂಲೋಳು ಹೋದರೆ ಕದಿರು ತುಂಬಿಸಿ ಕಳಿಸಬೇಕು. ಅರ್ಧ ಕೆಲಸ ಬಿಟ್ಟು ಈ ಓಣಿಯಿಂದ ಯಾರೂ ಹೋದದ್ದಿಲ್ಲ.”

ಅದು ನಿಜ. ನೂಲುವವಳನ್ನು ಎತ್ತುವ ಮೊದಲು, ಅವಳ ಕದಿರಿನ ಮೇಲೆ ಉಳಿದದ್ದನ್ನು ಉಳಿದವರು ಕುಳಿತು ತುಂಬಿಸುವುದು ಆ ಓಣಿಯ ವಾಡಿಕೆ.

“ಆದ್ರೆ ಎಡಹುರಿ ನಿಮಗ್ಯಾರಿಗೂ ಬರಲ್ವಲ್ಲ ದೊಡ್ಡಮ್ಮ?”

“ಬರುತ್ತೋ ಬಿಡುತ್ತೋ ನೋಡೋಣ. ಗುಬ್ಬೀ, ಕೂತ್ಕೋ.”

“ನನ್ನ ಹೆಬ್ಬೆರಳಿಗೆ ಸಿಬಿರು ಹೊಕ್ಕಿದೆ,” ಎಂದಳು ಗುಬ್ಬಿ. ಪಕ್ಕದ ಮನೆಯವಳ ಕನ್ನಡಕ ಮನೆಯಲ್ಲಿತ್ತು. ಅವಳ ನಾದಿನಿಗೆ ಆಗಲೇ ಸೊಂಟ ಹಿಡಿದುಕೊಂಡಿತು. ಯಾರೂ ಸೊಸೆಯ ಕಡೆಗೆ ನೋಡಲಿಲ್ಲ. ನೋಡದಿರುವುದಕ್ಕೆ ಎಲ್ಲರೂ ತುಸು ಹೆಚ್ಚೇ ಶ್ರಮಪಡುತ್ತಿದ್ದಂತಿತ್ತು.

“ಹಾಗಾದ್ರೆ ನಾನೇ ಸೈ,” ಎಂದು ದೊಡ್ಡಮ್ಮ ಮಣೆಯ ಮೇಲೆ ಕುಳಿತು, ಬುಟ್ಟಿಯಿಂದ ಹಂಜಿಯೊಂದನ್ನು ಎತ್ತಿ ನೂಲಿನ ತುದಿಗೆ ಹಚ್ಚಿ, ಚಕ್ರವನ್ನು ಬಲಕ್ಕೆ ತಿರುಗಿಸಿದಳು.

ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕದಿರಿನ ತುದಿಯಲ್ಲಿ ನೂಲಿನ ಹುರಿ ಓಡತೊಡಗಿತು. ಜಡೆ ಬಿಚ್ಚಿದಂತೆ ಎಳೆ ಎಳೆಯಾಗಿ ಸಡಿಲಿ, ಉಬ್ಬಿ, ಮತ್ತೆ ಬರಿಯ ಉಣ್ಣೆಯಾಗಿ ಕಳಚಿಬಿತ್ತು.

“ಅಯ್ಯೋ, ಅವರ ಕೊನೇ ನೂಲು!” ಎಂದು ನೇಕಾರಜ್ಜ ಎದ್ದು ನಿಂತ.

ದೊಡ್ಡಮ್ಮ ಇನ್ನಷ್ಟು ಎಳೆದು ಮತ್ತೆ ಬಲಕ್ಕೇ ತಿರುಗಿಸಿದಳು. ಮತ್ತೊಂದು ಮಾರು ಬಿಚ್ಚಿತು. ಅದು ಹಿಂದಿನ ದಿನ ಬೆಳಗ್ಗೆ ನೂತದ್ದು. ಮುಚ್ಚಿದ ಬಾಗಿಲ ಹಿಂದೆ, ಬೆನ್ನ ಮೇಲೆ ಅತ್ತೆಯ ಅಂಗೈಯ ಬಿಸಿ ಇದ್ದಾಗ ನೂತದ್ದು.

“ದೊಡ್ಡಮ್ಮ, ನಿಲ್ಲಿಸಿ!”

“ಯಾಕೆ? ನನಗೆ ಬಂದ ಹಾಗೆ ನೂಲ್ತೀನಿ.”

“ಬಿಚ್ಚಿ ಹೋಗ್ತಿದೆ!”

“ಹೋಗ್ಲಿ ಬಿಡೇ. ನೂತವಳೇ ಹೋದಳಂತಲ್ಲ.” ಮುದುಕಿಯ ಕಣ್ಣು ನೇರವಾಗಿ ಅವಳ ಕಣ್ಣಲ್ಲಿ ನೆಟ್ಟಿತ್ತು. ಕೈ ಮೂರನೆಯ ಸಲ ಚಕ್ರಕ್ಕೆ ಹೋಯಿತು.

ತಾನು ಯಾವಾಗ ಜಗುಲಿ ಹತ್ತಿದಳೋ ಅವಳಿಗೆ ತಿಳಿಯದು. ದೊಡ್ಡಮ್ಮ ಮಣೆ ಬಿಟ್ಟು ಸರಿದಿದ್ದಳು, ಅವಳು ಕುಳಿತಿದ್ದಳು. ಕಿತ್ತ ತುದಿಯನ್ನು ಹುಡುಕಿ, ಹಂಜಿಯ ಮೆತ್ತನೆಯ ಬಾಯಿಗೆ ಹಚ್ಚಿ, ಎಡಗೈಯಿಂದ ಚಕ್ರವನ್ನು ಎಡಕ್ಕೆ ಎಳೆದಳು. ಬಲಗೈ ಹಂಜಿ ಹಿಡಿದು ಮೇಲೇರಿತು, ಭುಜದ ಮೇಲೆ, ತಲೆಯ ಮೇಲೆ, ನಿಂತಿದ್ದ ಹೆಂಗಸರ ಕಣ್ಣಿನ ಮಟ್ಟಕ್ಕೆ. ಅಲ್ಲಿಂದ ಕದಿರಿನವರೆಗೆ ಒಂದು ಗೆರೆ ಮೂಡಿತು. ಚಕ್ರದ ಸದ್ದು ತಗ್ಗಿ, ಗಟ್ಟಿಯಾಯಿತು. ಗೆರೆ ಇಳಿದು ಸುತ್ತಿಕೊಂಡಿತು, ಮತ್ತೆ ಏರಿತು. ಕೊನೆಗೆ ಕದಿರು ತುಂಬಿತು.

ನೇಕಾರಜ್ಜ ಬಾಗಿ ನೂಲನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಕಣ್ಣು ಮುಚ್ಚಿ ತೀಡಿದ.

“ಎಡಚಮ್ಮನ ನೂಲಿನ ಹಾಗೇ ಇದೆಯಲ್ಲ!” ಎಂದ ಗಾಡಿಯಣ್ಣ.

“ಅಲ್ಲ,” ಎಂದ ಅಜ್ಜ ನಿಧಾನವಾಗಿ. “ಇದು ಹೋದ ವಾರದ ನೂಲು.”

ಅವಳು ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. “ಎರಡು ವರ್ಷದಿಂದ ಅತ್ತೆ ಕೈ ಏಳ್ತಿರಲಿಲ್ಲ. ನಾನೇ ನೂಲ್ತಿದ್ದೆ. ಅವರು ಸುಮ್ನೆ ಚಕ್ರ ತಿರುಗಿಸ್ತಿದ್ದರು. ಅವರ ಹೆಸರಿಗೆ ಕುಂದು ಬರಬಾರದು ಅಂತ ನಾನೇ... ಇವತ್ತು ಇದು ಹೊರಗೆ ಬರಬಾರದಿತ್ತು.” ಓಣಿ ಬೆಚ್ಚಿಬೀಳುವುದನ್ನು ಕಾಯುತ್ತ ತಲೆ ತಗ್ಗಿಸಿದಳು.

ಬಂದದ್ದು ಗುಬ್ಬಿಯ ನಗು. ಸಾವಿನ ಮನೆಯೆಂದು ಬಾಯಿಗೆ ಕೈ ಒತ್ತಿಕೊಂಡಿದ್ದಳು. ಬೆರಳ ಸಂದಿಯಿಂದ ನಗು ಸೋರಿತು. ಪಕ್ಕದ ಮನೆಯವಳು ಮುಖ ತಿರುಗಿಸಿದಳು, ಅವಳ ಭುಜ ಕುಲುಕುತ್ತಿತ್ತು.

“ಅಂತೂ ಕೂತಳಪ್ಪ ಮಹಾರಾಯ್ತಿ!” ಎಂದಳು ದೊಡ್ಡಮ್ಮ. “ಇನ್ನೊಂದು ಮಾರು ಬಿಚ್ಚಬೇಕಾಗ್ತದೇನೋ ಅಂತ ನನ್ನ ಜೀವ ಬಾಯಿಗೆ ಬಂದಿತ್ತು.”

“ಅಂದ್ರೆ... ನಿಮಗೆ ಗೊತ್ತಿತ್ತಾ?”

“ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಮನೆಯವರು ಕುರುಡರಾಗ್ತಾರೇನೇ? ಉಣ್ಣೆ ಎಳೆಯೋ ರಾಟೆ ಸದ್ದು ಯಾವುದು, ಖಾಲಿ ರಾಟೆ ಸದ್ದು ಯಾವುದು ಅಂತ ಈ ಓಣೀಲಿ ತೊಟ್ಟಿಲ ಕೂಸನ್ನ ಕೇಳು. ಬೆಳಗ್ಗೆ ಬಾಗಿಲು ಹಾಕಿ ತುಂಬಿದ ಸದ್ದು, ಸಂಜೆ ಬಾಗಿಲು ತೆಗೆದು ಖಾಲಿ ಸದ್ದು. ನೂಲೋರ ಓಣೀಲಿ ಕೂತು ನೂಲೋ ನಾಟಕ ಆಡ್ತಾಳಂತೆ!”

“ಎಲ್ಲರಿಗೂ ಗೊತ್ತಿತ್ತಾ?”

“ಗಂಡಸರನ್ನ ಬಿಟ್ಟು,” ಎಂದಳು ಗುಬ್ಬಿ. ಗಾಡಿಯಣ್ಣ ಕಿವಿ ಕೆರೆದುಕೊಂಡ. ನೇಕಾರಜ್ಜ ಪೇಟೆಯಲ್ಲಿ ತಾನು ಯಾರು ಯಾರಿಗೆ ಏನೇನು ಹೇಳಿಬಂದೆ ಎಂದು ಲೆಕ್ಕ ಹಾಕುವವನಂತೆ ಆಕಾಶ ನೋಡಿದ.

“ಮತ್ತೆ ಯಾಕೆ ಯಾರೂ ಒಂದು ಮಾತು ಹೇಳಲಿಲ್ಲ?”

ದೊಡ್ಡಮ್ಮ ಜಗುಲಿಯ ಅಂಚಿಗೆ ಕುಳಿತು ದನಿ ತಗ್ಗಿಸಿದಳು. “ಅವಳೇ ಬಾಯಿ ಬಿಡಬೇಡ ಅಂದಿದ್ದಳು. ಬಂದು ಗೋಳಾಡೋಳು ನನ್ನ ಹತ್ರ. ಖಾಲಿ ಚಕ್ರ ತಿರುಗಿಸಿ ತಿರುಗಿಸಿ ಭುಜ ಹೋಯ್ತು ಕಣೇ, ಚಳೀಲಿ ಬಾಗಿಲಲ್ಲಿ ಕೂತು ಮೂಗು ಸೋರ್ತದೆ ಅಂತ. ಮತ್ಯಾಕೆ ಸಾಯ್ತೀಯೇ, ಒಳಗೆ ಹೋಗಿ ಬಿದ್ಕೋ ಅಂದೆ. ಅದಕ್ಕೇನಂದಳು ಗೊತ್ತಾ? ‘ನನ್ನ ಸೊಸೆ ನನಗಿಂತ ಚೆನ್ನಾಗಿ ನೂಲ್ತಾಳೆ. ಆದರೆ ಹಗ್ಗ ಅಂದದ್ದನ್ನ ಇನ್ನೂ ಹೊಟ್ಟೇಲಿಟ್ಕೊಂಡಿದ್ದಾಳೆ, ಜನರ ಮುಂದೆ ಕೂರೋಕೆ ಅಂಜಿಕೆ. ಆ ಅಂಜಿಕೆ ಹೋಗೋವರೆಗೂ ನಾನು ಬಾಗಿಲಿಗೆ ಅಡ್ಡ ಕೂತಿರ್ತೀನಿ. ಏನೋ ಅವಳಿಗದು ಸಂತೋಷ.’”

ಸೊಸೆ ತುಂಬಿದ ಕದಿರಿನ ಮೇಲೆ ಕೈಯಿಟ್ಟಳು. ಆಮೇಲೆ, “ಅವರಿಗೆ ಸಂತೋಷ ಅಂತ ನಾನು ಕೂರಿಸ್ತಿದ್ದೆ,” ಎಂದಳು.

“ಹೂಂ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತಾರೆ. ನೀವಿಬ್ಬರೂ ಒಂದೇ ಕಾಲಕ್ಕೆ ಒಬ್ಬರಿಗೊಬ್ಬರು ಕಾವಲು ಕೂತಿರಿ. ಬೀಗ ಬಿದ್ದದ್ದು ನಮ್ಮ ಬಾಯಿಗೆ.”

ಆಗ ಅವಳು ಅತ್ತಳು. ಹಿಂದಿನ ದಿನ ಮಧ್ಯಾಹ್ನದಿಂದ ಬಾರದಿದ್ದ ಅಳು. ಅಳುತ್ತಲೇ, ಚಳಿಯಲ್ಲಿ ಮೂಗು ಸೋರಿಸಿಕೊಂಡು ಖಾಲಿ ಚಕ್ರ ತಿರುಗಿಸುತ್ತಿದ್ದ ಮುದುಕಿಯನ್ನು ನೆನೆದು ನಗು ಬಂತು. ಎರಡನ್ನೂ ತಡೆಯಲಾಗಲಿಲ್ಲ.

ನೇಕಾರಜ್ಜ ಕೆಮ್ಮಿದ. “ಆ ಚೀಟಿ ಬರೆದವನು ನಾನೇ ಕಣಮ್ಮ. ಹಗ್ಗಕ್ಕೆ ಆದೀತು ಅಂತ.”

“ಗೊತ್ತಜ್ಜ,” ಎಂದಳು ಮೂಗೊರೆಸಿಕೊಳ್ಳುತ್ತ. “ಆಗಿನದು ಹಗ್ಗಕ್ಕೂ ಆಗ್ತಿರಲಿಲ್ಲ ಬಿಡಿ.”

ಗಾಡಿಯಣ್ಣ ಸುಮ್ಮನೆ ಗಾಡಿಗೆ ಹೋದ. ರಾಟೆ ಹೇರಲು ಹಗ್ಗ ತರುತ್ತಾನೇನೋ ಎಂದು ಅವಳ ಜೀವ ಒಮ್ಮೆ ಜಗ್ಗಿತು. ಅವನು ಹೆಗಲ ಮೇಲೆ ಹೊಸ ಉಣ್ಣೆಯ ಚೀಲವೊಂದನ್ನು ಹೊತ್ತು ತಂದು, ಹೊಸಿಲ ಒಳಗೆ ಇಳಿಸಿ, ಚೀಟಿ ಪುಸ್ತಕ ತೆಗೆದ.

“ಯಾರ ಉಣ್ಣೆ ಅಂತ ಬರೀಲಿ?”

ದೊಡ್ಡಮ್ಮ ಏನೋ ಹೇಳಲು ಬಾಯಿ ತೆರೆದಳು. ಅವಳಿಗಿಂತ ಮೊದಲೇ ಸೊಸೆ ಹೇಳಿದಳು: “ಹಿಂಜೋಳದು ಅಂತ ಬರೀರಿ. ಎಲ್ಲರಿಗೂ ಗೊತ್ತಾಗ್ತದೆ.”

*

ದಿಬ್ಬದ ಮೇಲೆ ಮಣ್ಣು ಮಾಡಿ ಎಲ್ಲರೂ ಮರಳುವಾಗ ಬಿಸಿಲು ಓರೆಯಾಗಿತ್ತು. ಗಾಡಿ ನೇಕಾರಜ್ಜನನ್ನು ಕೂರಿಸಿಕೊಂಡು ಹೊಳೆಯ ಕಡೆಗೆ ಹೊರಟುಹೋಯಿತು. ಬಡಗಿ ಮತ್ತು ಗಂಡ ಸೇರಿ ರಾಟೆಯನ್ನು ಒಳಗೆ ತಂದರು; ಈ ಸಲ ಎಲ್ಲಿಯೂ ಬಡಿಯಲಿಲ್ಲ. ಬಡಗಿ ಹೋದ ಮೇಲೆ ಮನೆಯಲ್ಲಿ ಇಬ್ಬರೇ ಉಳಿದರು. ಬಾಗಿಲು ಮುಚ್ಚಲು ಯಾರಿಗೂ ನೆನಪಾಗಲಿಲ್ಲ.

ಅವಳು ಹೊಸ ಚೀಲದ ಬಾಯಿ ಬಿಚ್ಚಿ ಉಣ್ಣೆಯೊಳಗೆ ಕೈಯಿಟ್ಟು ನೋಡುತ್ತಿದ್ದಳು. ಗಂಡ ಹಿತ್ತಿಲಿಗೆ ಹೋದವನು ನಾಲ್ಕು ಇಟ್ಟಿಗೆ ತಂದ. ಒಂದೊಂದನ್ನೂ ಒದ್ದೆ ಬಟ್ಟೆಯಿಂದ ಒರೆಸಿದ.

“ಏನ್ರೀ ಅದು?”

“ಅಮ್ಮ ಕುಳ್ಳಿ. ಅವಳ ಅಳತೆಗೆ ಮಾಡಿದ ರಾಟೆ ಇದು,” ಎಂದ. “ಎರಡು ವರ್ಷದಿಂದ ನೋಡ್ತಿದ್ದೀನಿ, ಬಿಲ್ಲಿನ ಹಾಗೆ ಬಗ್ಗಿ ಕೂರ್ತೀಯ. ಎತ್ತರಿಸಿದರೆ ಬಾಗಿಲಿಂದ ನೋಡಿದವರಿಗೆ ಗೊತ್ತಾಗ್ತದೆ ಅಂತ ಸುಮ್ಮನಿದ್ದೆ.”

ಅವಳು ರಾಟೆಯ ಒಂದು ತುದಿ ಎತ್ತಿ ಹಿಡಿದಳು. ಅವನು ಕಾಲಿಗೊಂದರಂತೆ ಇಟ್ಟಿಗೆ ಸೇರಿಸಿದ. ಒಂದು ಕಾಲು ಅಲುಗಿತು. ಪೆಟ್ಟಿಗೆ ಮಾಡಿದಾಗ ನೆಲಕ್ಕೆ ಬಿದ್ದಿದ್ದ ಮರದ ಚಕ್ಕೆಯೊಂದನ್ನು ಹೆಕ್ಕಿ ಸಂದಿಗೆ ತೂರಿಸಿದ. ಆಮೇಲೆ ತನ್ನ ಕೆಲಸದ ಚೀಲದಿಂದ ರಸಮಟ್ಟವನ್ನು ತೆಗೆದು, ಗೋಡೆ ಎಬ್ಬಿಸುವಾಗ ಸಾಲಿನ ಮೇಲೆ ಇಡುವಂತೆಯೇ, ರಾಟೆಯ ಹಲಗೆಯ ಮೇಲೆ ಅಡ್ಡಲಾಗಿ ಇಟ್ಟ. ಮಣೆಯ ಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು ಅವಳು ಕುಳಿತಳು, ಅವನು ಮಂಡಿಯೂರಿದ. ತೆರೆದ ಬಾಗಿಲಿನಿಂದ ಬಂದ ಬಿಸಿಲು ಪುಟ್ಟ ಗಾಜಿನ ಕೊಳವೆಯ ಮೇಲೆ ಬಿದ್ದಿತ್ತು. ಅದರೊಳಗಿನ ಗುಳ್ಳೆ ಒಂದು ಕಡೆಗೆ ಸರಿಯಿತು, ಅನುಮಾನಿಸಿ ಇನ್ನೊಂದು ಕಡೆಗೆ ಸರಿಯಿತು. ಇಬ್ಬರೂ ಉಸಿರು ಹಿಡಿದು ನೋಡುತ್ತಿದ್ದಂತೆ ಮೆಲ್ಲಗೆ ಬಂದು ಎರಡು ಕಪ್ಪು ಗೆರೆಗಳ ನಡುವೆ ನಿಂತಿತು.